ಉಪ್ಪಿನ ಕಡೆಯಿಂದ ನಗರಕ್ಕೆ

ಬಿದನೂರು ನಗರದ ಕೋಟೆಯನ್ನು ಕಾರಿನಲ್ಲಿ ಹೋಗಿ ನೋಡಿ ಬಂದವರು ಬಹಳ ಮಂದಿ. ರಸ್ತೆ ಬದಿಯಲ್ಲಿ ಇಳಿದು, ಗುಡ್ಡ ಹತ್ತಿ, ಅಕ್ಕ-ತಂಗಿ ಕೊಳದ ಎದುರು ಪಟ ತೆಗೆಸಿಕೊಂಡು, ಕತ್ತಲಾಗುವ ಮೊದಲು ಕೊಲ್ಲೂರು ಸೇರಬೇಕೆಂದು ಹೊರಟುಬಿಡುತ್ತಾರೆ. ಇಷ್ಟು ಮಳೆ, ಇಷ್ಟು ಕಾಡು ಇರುವಲ್ಲಿ ರಾಜಧಾನಿ ಯಾಕೆ ಕಟ್ಟಿದರೋ ಎಂದು ಅವರಲ್ಲಿ ಒಬ್ಬರಾದರೂ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೋಟೆಯೊಳಗೆ ಇಲ್ಲ, ಕೋಟೆಗೆ ಬರುವ ದಾರಿಯಲ್ಲಿದೆ. ನಗರಕ್ಕೆ ಕೆಳಗಿನಿಂದ ಬರಬೇಕು. ಉಪ್ಪಿನ ಕಡೆಯಿಂದ, ಹೊಳೆಯ ಜೊತೆ, ನಾಲ್ಕು ಜನ ಕೂಡಿಕೊಂಡು, ನಡೆದು ಬರಬೇಕು. ಚಳಿಗಾಲ ಬಂತೆಂದರೆ ನಮ್ಮ ಗುಂಪಿಗೆ ಈ ದಾರಿಯದೇ ಧ್ಯಾನ.

ನಾವು ಹೊರಡುವುದು ಕುಂದಾಪುರದ ಬಳಿಯ ಹಟ್ಟಿಯಂಗಡಿಯಿಂದ. ಈಗ ಹಟ್ಟಿಯಂಗಡಿ ಎಂದರೆ ಎಲ್ಲರಿಗೂ ನೆನಪಾಗುವುದು ಸಿದ್ಧಿವಿನಾಯಕ; ಸಾಲಿಗ್ರಾಮ ಶಿಲೆಯ ಮೂರ್ತಿ, ಹಿಂದಕ್ಕೆ ಇಳಿಬಿಟ್ಟ ಜಟೆ. ಆದರೆ ಅಲ್ಲಿಯೇ ಲೋಕನಾಥೇಶ್ವರನ ಗುಡಿಯಿದೆ, ಜೈನ ಬಸದಿಯಿದೆ, ತೋಟದ ನಡುವೆ ಹಳೆಯ ಕಲ್ಲುಗಳಿವೆ. ತುಳುನಾಡನ್ನು ಆಳಿದ ಆಳುಪರ ಕಾಲದಿಂದಲೂ ಇದು ದೊಡ್ಡ ಊರು. ಪಕ್ಕದಲ್ಲೇ ವಾರಾಹಿ ಹರಿಯುತ್ತಾಳೆ. ಹೊಳೆಯ ಕೆಳಗಡೆ ಬಸ್ರೂರು. ಮಂಡಿಕೇರಿ, ವಿಲಾಸಕೇರಿ ಎಂದು ಕೇರಿಗಳ ಹೆಸರಿನಲ್ಲೇ ಹಳೆಯ ವ್ಯಾಪಾರದ ಗದ್ದಲ ಉಳಿಸಿಕೊಂಡ ಬಂದರು. ಅಲ್ಲಿಯ ಅಕ್ಕಿಗಾಗಿ ಪೋರ್ಚುಗೀಸರು ಕೋಟೆ ಕಟ್ಟಿ ಕೂತರು. ನಗರದಿಂದ ಆಳಿದ ಕೆಳದಿಯ ಅರಸ ಶಿವಪ್ಪ ನಾಯಕ ಅವರನ್ನು ಎಬ್ಬಿಸಿದ. 1665ರಲ್ಲಿ ಶಿವಾಜಿ ಸಮುದ್ರದ ಮೇಲೆ ಬಂದು ಅದೇ ಬಸ್ರೂರನ್ನು ಸೂರೆ ಮಾಡಿ ಹೋದ. ಇಷ್ಟೆಲ್ಲ ಜನರ ಕಣ್ಣು ಈ ಹೊಳೆಬಾಯಿಯ ಮೇಲೆ ಬೀಳಲು ಕಾರಣ ಅಕ್ಕಿಯೊಂದೇ ಅಲ್ಲ, ಘಟ್ಟದ ಮೇಲಿನ ಮೆಣಸು, ಅಡಿಕೆ ಕೂಡ. ಅವು ಎತ್ತಿನ ಹೇರಿನ ಮೇಲೆ, ಆಳಿನ ತಲೆಯ ಮೇಲೆ ಕೆಳಗಿಳಿಯುತ್ತಿದ್ದವು. ಉಪ್ಪು, ಒಣಮೀನು, ತೆಂಗಿನಕಾಯಿ ಮೇಲಕ್ಕೆ ಹೋಗುತ್ತಿದ್ದವು. ನಾವು ಹಿಡಿಯುವುದು ಆ ಉಪ್ಪಿನ ದಿಕ್ಕನ್ನು.

ಗುಂಪಿನಲ್ಲಿ ನಡೆಯುವುದು ಒಂದು ವಿದ್ಯೆ. ನಮ್ಮಲ್ಲಿ ನಿವೃತ್ತ ಮಾಸ್ಟ್ರಿದ್ದಾರೆ, ಬ್ಯಾಂಕಿನವರಿದ್ದಾರೆ, ತೋಟದ ಕೆಲಸ ಬಿಟ್ಟು ಬರುವ ಅಕ್ಕ ಇದ್ದಾರೆ, ಕಾಲೇಜಿನ ಹುಡುಗರಿದ್ದಾರೆ. ಎಲ್ಲರಿಗಿಂತ ನಿಧಾನ ನಡೆಯುವವರು ಎಲ್ಲರಿಗಿಂತ ಮುಂದೆ ಇರಬೇಕು, ದಾರಿ ಚೆನ್ನಾಗಿ ಬಲ್ಲವರು ಕಟ್ಟಕಡೆಗೆ. ಈ ಒಂದು ನಿಯಮ ಪಾಲಿಸಿದರೆ ಗುಂಪು ಒಡೆಯುವುದಿಲ್ಲ. ಹುಡುಗರಿಗೆ ಮೊದಲ ದಿನ ಇದು ಹಿಂಸೆ, ಎರಡನೆಯ ದಿನ ಅಭ್ಯಾಸ, ಮೂರನೆಯ ದಿನ ಖುಷಿ. ನಿಧಾನ ನಡೆದಾಗ ಕಣ್ಣಿಗೆ ಕೆಲಸ ಸಿಗುತ್ತದೆ. ಚೀಲದಲ್ಲಿ ಅವಲಕ್ಕಿ, ಬೆಲ್ಲ, ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಒಂದು ಅಗಲ ಪಾತ್ರೆ. ಒಬ್ಬೊಬ್ಬರು ಒಂದೊಂದನ್ನು ಹೊರುತ್ತಾರೆ, ಹಾಗಾಗಿ ಯಾರೂ ಯಾರನ್ನೂ ಬಿಟ್ಟು ಉಣ್ಣುವ ಹಾಗಿಲ್ಲ. ಕಾಡಿನ ಭಾಗಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ದಾರಿ ತೋರಲು ಘಟ್ಟದ ಬುಡದ ಊರಿನವರೊಬ್ಬರು ಬೇಕು. ಇವೆರಡೂ ಇಲ್ಲದೆ ಹೊರಡುವುದು ಸಲ್ಲ.

ಮೊದಲ ದಿನ ಪೂರ್ತಿ ಬೈಲು ಮತ್ತು ಹಾಡಿ. ಕಂಡ್ಲೂರು, ಅಂಪಾರಿನ ಕಡೆ ಸಾಗುತ್ತ ಆದಷ್ಟು ಡಾಮರು ಬಿಟ್ಟು ಒಳದಾರಿ ಹಿಡಿಯುತ್ತೇವೆ. ಭತ್ತ ಕೊಯ್ದ ಗದ್ದೆಗಳಲ್ಲಿ ಉದ್ದು, ನೆಲಗಡಲೆಯ ಹಸಿರು ಎದ್ದಿರುತ್ತದೆ. ಗದ್ದೆಯ ಅಂಚು, ಅಡಿಕೆ ಮರದ ಸಂಕ, ತೋಟದ ತಡಮೆ, ಮತ್ತೆ ಗದ್ದೆಯ ಅಂಚು. ಕರಾವಳಿಯ ಕಾಲುದಾರಿ ಮನೆಯಂಗಳಗಳನ್ನು ಬಳಸಿಕೊಂಡೇ ಹೋಗುವುದರಿಂದ ಮಾತು ತಪ್ಪುವುದಿಲ್ಲ. "ಬಸ್ಸ್ ಇತ್ತಲ್ದಾ, ನಡುದ್ ಎಂತಕೆ?" ಎಂದು ಕೇಳುತ್ತಲೇ ಮನೆಯ ಅಮ್ಮ ಬೆಲ್ಲ, ನೀರು ತಂದಿಡುತ್ತಾರೆ. ಉತ್ತರ ಹೇಳುವ ಹೊತ್ತಿಗೆ ಅವರ ಮಾವ ಜಗಲಿಯಿಂದ ಎದ್ದು ಬಂದು, ತಮ್ಮ ಅಜ್ಜಯ್ಯ ಇದೇ ದಾರಿಯಲ್ಲಿ ಘಟ್ಟದ ಮೇಲೆ ಅಡಿಕೆ ಕೊಯ್ಲಿಗೆ ಹೋಗುತ್ತಿದ್ದ ಕತೆ ತೆಗೆಯುತ್ತಾರೆ. ಎಷ್ಟೋ ಕಡೆ ದಾರಿಯ ಗುರುತು ನಮಗೆ ಸಿಕ್ಕಿದ್ದು ಇಂಥ ಜಗಲಿಗಳಲ್ಲಿ.

ಸಿದ್ದಾಪುರ ದಾಟಿ ಹೊಸಂಗಡಿ ಮುಟ್ಟುವಾಗ ಹೊಳೆಯ ಸ್ವರ ಬೇರೆಯಾಗಿರುತ್ತದೆ. ಹಟ್ಟಿಯಂಗಡಿಯಲ್ಲಿ ಅಗಲವಾಗಿ, ಸದ್ದಿಲ್ಲದೆ ಇದ್ದ ವಾರಾಹಿ ಇಲ್ಲಿ ಬಂಡೆಗಳ ನಡುವೆ ಮಾತಾಡುತ್ತಾಳೆ. ಹೊಸಂಗಡಿ ಹೊನ್ನೆಯಕಂಬಳಿ ಅರಸರ ಊರು. ಘಟ್ಟದ ಬುಡದಲ್ಲಿ ಕೂತವನಿಗೆ ಮೇಲಿನಿಂದ ಬಂದದ್ದೂ ಕೆಳಗಿನಿಂದ ಹೋದದ್ದೂ ಗೊತ್ತಾಗುತ್ತದೆ, ಸುಂಕವೂ ಸಿಗುತ್ತದೆ. ಈಗ ಇಲ್ಲಿ ನೆಲದಡಿಯಲ್ಲಿ 460 ಮೆಗಾವಾಟಿನ ವಾರಾಹಿ ವಿದ್ಯುದಾಗಾರವಿದೆ. ಮೇಲೆ ಮಾಸ್ತಿಕಟ್ಟೆಯ ಬಳಿ 455 ಮೀಟರು ಧುಮುಕುವ ಕುಂಚಿಕಲ್ ಅಬ್ಬಿಯ ನೀರು ಆ ಯಂತ್ರಗಳಿಗೆ ತಿರುಗಿದ್ದರಿಂದ ಅಬ್ಬಿ ತುಂಬಿ ಬೀಳುವುದು ಮಳೆಗಾಲದಲ್ಲಿ ಮಾತ್ರ. ಘಟ್ಟದ ಎತ್ತರವನ್ನು ಹಿಂದೆ ಅರಸರು ಸುಂಕಕ್ಕೆ, ಕಾವಲಿಗೆ ಬಳಸಿದರು, ಇಂದು ನಾವು ದೀಪಕ್ಕೆ ಬಳಸುತ್ತಿದ್ದೇವೆ.

ಮರುದಿನ ಬಾಳೆಬರೆ ಘಟ್ಟ. ಹುಲಿಕಲ್ ಘಾಟಿ ಎಂದರೂ ಇದೇ. ಈ ದಿನಕ್ಕಾಗಿಯೇ ನಾನು ವರ್ಷವಿಡೀ ಕಾಯುವುದು. ಮೋಟಾರು ರಸ್ತೆ ಹಳೆಯ ದಾರಿಯ ಎಷ್ಟೋ ಭಾಗವನ್ನು ನುಂಗಿದೆ. ಉಳಿದ ತುಂಡುಗಳನ್ನು ಹುಡುಕಿ ಒಂದಕ್ಕೊಂದು ಜೋಡಿಸುವುದರಲ್ಲೇ ಈ ಹವ್ಯಾಸದ ರುಚಿಯೆಲ್ಲ ಇದೆ. ಹಳೆಯ ದಾರಿಗೆ ಅದರದೇ ಲಕ್ಷಣಗಳಿವೆ. ನೂರಾರು ವರ್ಷ ಕಾಲು, ಗೊರಸು ಬಿದ್ದಲ್ಲಿ ನೆಲ ಎರಡೂ ಬದಿಗಿಂತ ತಗ್ಗಿರುತ್ತದೆ. ಒರಟು ಬಂಡೆಗಳ ನಡುವೆ ಒಂದೇ ಸಾಲಿನಲ್ಲಿ ನಯವಾದ ಕಲ್ಲುಗಳು ಕಾಣುತ್ತವೆ. ಹೇರು ಹೊತ್ತ ಎತ್ತು ಎದೆಮಟ್ಟದ ಏರನ್ನು ನೇರ ಹತ್ತುವುದಿಲ್ಲವಾದ್ದರಿಂದ ದಾರಿ ಅಡ್ಡಡ್ಡ ತಿರುಗುತ್ತ ಏರುತ್ತದೆ. ತಿರುವಿನಲ್ಲಿ ತಲೆಹೊರೆ ಇಳಿಸಲು ಸೊಂಟದೆತ್ತರದ ಕಲ್ಲು, ಪಕ್ಕದಲ್ಲಿ ಒರತೆ ಇದ್ದರೆ ಅನುಮಾನವೇ ಬೇಡ. ಒಣ ತರಗೆಲೆ ಸರಿಸಿ ಅಂಥ ಒಂದು ನಯಗಲ್ಲಿನ ಮೇಲೆ ಕಾಲಿಟ್ಟಾಗ ಆಗುವ ಸಂತೋಷಕ್ಕೆ ನಾನು ಬೇರೆ ಯಾವುದನ್ನೂ ಬದಲು ಕೇಳುವುದಿಲ್ಲ. ಹುಡುಗರು ಮುಂದೆ ನುಗ್ಗಿದರೆ ದಾರಿ ತೋರುವವರು ಹಿಂದಿನಿಂದ ಕೂಗುತ್ತಾರೆ: "ಹ್ವಾಯ್, ಹತ್ತುಕೆ ಅವಸ್ರ ಎಂತಕೆ? ಘಟ್ಟ ಎಲ್ಲಿಗೂ ಓಡಿ ಹೋತಿಲ್ಲೆ!"

ಏರು ಹೆಚ್ಚಾಗಿ ಮಾತು ನಿಂತಾಗ ಮಾಸ್ಟ್ರು 1783ರ ಜನವರಿಯನ್ನು ನೆನಪಿಸುತ್ತಾರೆ. ನಗರ ಆಗ ಮೈಸೂರಿನ ಹೈದರಾಲಿಯ ಕಡೆಯವರ ಕೈಯಲ್ಲಿತ್ತು; ಅವನು ತೀರಿಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಬ್ರಿಟಿಷ್ ಜನರಲ್ ಮ್ಯಾಥ್ಯೂಸನ ಮುಂಬಯಿ ಸೈನ್ಯ ಕುಂದಾಪುರವನ್ನು ಹಿಡಿದು, ಹೊಸಂಗಡಿಯಿಂದ ಈ ಘಟ್ಟ ಹತ್ತಿತು. ದಾರಿಗೆ ಅಡ್ಡ ಕಟ್ಟಿದ ಕಾವಲಿನ ಗೋಡೆಗಳನ್ನು ಒಂದೊಂದಾಗಿ ಗೆಲ್ಲುತ್ತ ಮೇಲೆ ಹೈದರ್‌ಗಡದ ಕೋಟೆಯನ್ನು ಮುಟ್ಟಿತು. ಘಟ್ಟ ಕೈತಪ್ಪಿದ ಮೇಲೆ ನಗರದಲ್ಲಿ ಯುದ್ಧವೇ ನಡೆಯಲಿಲ್ಲ. ಅಲ್ಲಿದ್ದ ಹೈದರನ ಅಧಿಕಾರಿ ಅಯಾಜ್ ಕೋಟೆಯನ್ನು ಒಪ್ಪಿಸಿಬಿಟ್ಟ. ಅದೇ ಬೇಸಿಗೆಯಲ್ಲಿ ಹೈದರನ ಮಗ ಟಿಪ್ಪು ಬಂದ. ಅವನೂ ಕೋಟೆಯ ಮುತ್ತಿಗೆಯ ಜೊತೆಗೇ ಹೈದರ್‌ಗಡ, ಕವಲೇದುರ್ಗಗಳನ್ನು ಹಿಡಿದು ಕರಾವಳಿಯ ದಾರಿಯನ್ನು ಕಡಿದ. ಕೆಳಗಿನಿಂದ ನೆರವು ಬರುವ ಹಾಗಿಲ್ಲವೆಂದಾದ ಮೇಲೆ ಮ್ಯಾಥ್ಯೂಸ್ ಶರಣಾದ. ದಾರಿ ಯಾರದೋ ನಗರ ಅವರದು. ಪುಸ್ತಕದಲ್ಲಿ ಇದನ್ನು ಓದಿದಾಗ ನನಗೆ ಒಂದು ಘಟನೆ ಮಾತ್ರ ಗೊತ್ತಾಗಿತ್ತು. ಒಬ್ಬರ ಹಿಂದೆ ಒಬ್ಬರೇ ಹೋಗಬಹುದಾದ ಇಕ್ಕಟ್ಟಿನಲ್ಲಿ, ಒಂದು ಕೈ ಬಂಡೆಯ ಮೇಲಿಟ್ಟು ಏದುಸಿರು ಬಿಡುವಾಗ ಅದರ ಕಾರಣ ತಿಳಿಯುತ್ತದೆ.

ಹಳೆಯ ನಗರಕ್ಕೆ ಹಳೆಯ ದಾರಿಯಲ್ಲೇ ನಡೆದು ಹೋಗುವ ಹುಚ್ಚು ನಮ್ಮದು ಮಾತ್ರವಲ್ಲ. ಪೆರು ದೇಶದ ಮಾಚು ಪಿಚುವಿಗೆ ರೈಲಿದೆ, ಬಸ್ಸಿದೆ. ಆದರೂ ಲೋಕದ ಮೂಲೆಮೂಲೆಯಿಂದ ಜನ ಬಂದು, ಇಂಕಾ ಅರಸರ ಕಲ್ಲುದಾರಿಯಲ್ಲಿ ನಾಲ್ಕು ದಿನ ನಡೆದು, ಸೂರ್ಯನ ಬಾಗಿಲೆಂಬ ಕಣಿವೆಯಿಂದ ಆ ಪಾಳುನಗರವನ್ನು ಮೊದಲ ಸಲ ನೋಡುತ್ತಾರೆ. ಅಲ್ಲಿಯ ಸರ್ಕಾರ ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿದೆ, ಫೆಬ್ರವರಿಯಲ್ಲಿ ದಾರಿ ಮುಚ್ಚಿ ದುರಸ್ತಿ ಮಾಡುತ್ತದೆ. ದಾರಿಯೂ ಪಾಳುನಗರದ ಭಾಗವೇ ಎಂದು ಅವರು ತಿಳಿದಿದ್ದಾರೆ.

ಇತ್ತ ನಮ್ಮ ಘಟ್ಟದ ನೆತ್ತಿಯಲ್ಲಿ ಗಾಳಿ ಒಮ್ಮೆಲೇ ತಣ್ಣಗಾಗುತ್ತದೆ. ಹಿಂದೆ ತಿರುಗಿದರೆ ಕೆಳಗೆ ಕರಾವಳಿ ಮಸುಕಿನಲ್ಲಿ ಮಲಗಿದೆ. ಉತ್ತರಕ್ಕೆ ಕೊಡಚಾದ್ರಿಯ ಸಾಲು. ಮಳೆಯ ಲೆಕ್ಕ ತೆಗೆದರೆ ಆಗುಂಬೆಯ ಜೊತೆಗೆ ಹುಲಿಕಲ್ಲಿನ ಹೆಸರು ಬಂದೇ ಬರುತ್ತದೆ, ಹಾಗಾಗಿ ಮರಗಳ ಮೈಯೆಲ್ಲ ಪಾಚಿ. ರಾತ್ರಿ ಮಾಸ್ತಿಕಟ್ಟೆಯ ಕಡೆ ಪರಿಚಯದವರ ಮನೆ ಜಗಲಿ. ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಕೆಳಗಿನಿಂದ ಹೊತ್ತು ತಂದ ಉಪ್ಪಿಗೆ ಆ ಊಟದಲ್ಲಿ ಎಂಥ ಬೆಲೆ ಎಂಬುದು ಹೊತ್ತ ಭುಜಕ್ಕೆ ಗೊತ್ತು.

ಮುಂದಿನ ದಿನ ನಗರ. ತೋಟ, ಕಾಡು, ಮತ್ತೆ ತೋಟ. ಆಮೇಲೆ ಮರಗಳ ಮೇಲೆ ಕೋಟೆಯ ಗೋಡೆ. ಬಿಜಾಪುರದ ಸೈನ್ಯ ಕೆಳದಿ ಅರಸರ ಆಗಿನ ರಾಜಧಾನಿ ಇಕ್ಕೇರಿಗೆ ನುಗ್ಗಿ ಹೋದ ಮೇಲೆ, 1640ರ ಆಸುಪಾಸಿನಲ್ಲಿ, ವೀರಭದ್ರ ನಾಯಕ ರಾಜಧಾನಿಯನ್ನು ಈ ಕಾಡೊಳಗೆ ತಂದ. ಅವನ ನಂತರ ಬಂದ ಶಿವಪ್ಪ ನಾಯಕ ಊರನ್ನು ಬೆಳೆಸಿದ. ಇಕ್ಕೇರಿಯ ಬಯಲಿಗೆ ಕುದುರೆ ದಂಡು ಸಲೀಸಾಗಿ ಬಂದೀತು. ಇಲ್ಲಿ ಮೂಡಲಿಗೆ ದಟ್ಟಡವಿ, ಪಡುವಲಿಗೆ ಘಟ್ಟ. ಆದರೂ ಬಂದರುಗಳಿಗೆ ಹತ್ತಿರ. ಮೂರು ದಿನ ನಡೆದು ಬಂದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಶತ್ರುವಿಗೆ ದೂರ, ಉಪ್ಪಿಗೆ ಹತ್ತಿರ ಎಂಬ ಲೆಕ್ಕ ಕಾಲಿಗೆ ಬಂದುಬಿಟ್ಟಿರುತ್ತದೆ. 1763ರಲ್ಲಿ ರಾಣಿ ವೀರಮ್ಮಾಜಿಯಿಂದ ಹೈದರಾಲಿ ನಗರವನ್ನು ಕಿತ್ತುಕೊಂಡಾಗ ಅವನಿಗೆ ಸಿಕ್ಕ ಅಪಾರ ಸಂಪತ್ತು ಈ ದಾರಿಯಲ್ಲಿ ಹೇರು ಹೇರಾಗಿ ಓಡಾಡಿದ ಮೆಣಸು, ಅಡಿಕೆ, ಅಕ್ಕಿಯ ಹಣವೇ.

ಕೋಟೆಯಲ್ಲಿ ನಾವು ಸಾವಕಾಶ ಸುತ್ತುತ್ತೇವೆ. ಅರಮನೆಯ ಅಡಿಪಾಯ, ಬುರುಜು, ಕೊಳ. ಆಮೇಲೆ ದೇವಗಂಗೆ. ನಗರದ ಹೊರಗೆ ಬಸವನಬ್ಯಾಣದಲ್ಲಿ ಕೆಳದಿಯವರು ಕಟ್ಟಿಸಿದ ಕೊಳಗಳ ಸಮೂಹ. ಒಂದು ದೊಡ್ಡದು, ಸುತ್ತ ತಾವರೆ, ನಕ್ಷತ್ರದಂಥ ಆಕಾರಗಳಲ್ಲಿ ಚಿಕ್ಕವು. ಗುಡ್ಡದ ಒರತೆಯ ನೀರು ಬೇಸಿಗೆಯಲ್ಲೂ ಬತ್ತದೆ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ಆ ಕಟ್ಟೆಯ ಮೇಲೆ ಕೂತರೆ ಈ ಅರಸರು ದಂಡು, ಸುಂಕದ ಜೊತೆ ನೀರನ್ನೂ ಎಷ್ಟು ಪ್ರೀತಿಯಿಂದ ಬಲ್ಲವರಾಗಿದ್ದರು ಎಂದು ಮನಸ್ಸು ತುಂಬುತ್ತದೆ.

ಕೋಟೆಗೆ, ಕೊಳಗಳಿಗೆ ಪುರಾತತ್ವ ಇಲಾಖೆಯ ರಕ್ಷಣೆಯಿದೆ, ಫಲಕವಿದೆ. ಅವುಗಳನ್ನು ಹುಟ್ಟಿಸಿ ಸಾಕಿದ ದಾರಿಗೆ ಅಂಥದ್ದೇನೂ ಇಲ್ಲ. ರಸ್ತೆ ಅಗಲವಾದಾಗ ಒಂದು ತುಂಡು ಹೋಗುತ್ತದೆ, ಗುಡ್ಡ ಜಾರಿದಾಗ ಇನ್ನೊಂದು. ಯಾರೂ ನಡೆಯದಿದ್ದರೆ ಉಳಿದದ್ದನ್ನು ಲಂಟಾನ ಮುಚ್ಚುತ್ತದೆ. ಹಟ್ಟಿಯಂಗಡಿಯಿಂದ ನಗರದವರೆಗಿನ ಈ ದಾರಿಯ ಉಳಿದ ಭಾಗಗಳನ್ನು ಗುರುತಿಸಿ, ನಕ್ಷೆ ಬರೆದು, ಘಟ್ಟದ ಕೆಳಗಿನ, ಮೇಲಿನ ಎರಡೂ ಜಿಲ್ಲೆಯ ಶಾಲೆಯ ಮಕ್ಕಳನ್ನು ಒಂದೊಂದು ತುಂಡಿನಲ್ಲಾದರೂ ನಡೆಸಬೇಕು. ಇಲಾಖೆ ಮನಸ್ಸು ಮಾಡಿದರೆ ಒಂದು ಬೇಸಿಗೆಯ ಕೆಲಸ. ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಒಂದೇ: ವರ್ಷಕ್ಕೊಮ್ಮೆ ಹೋಗಿ ನಡೆಯುವುದು, ದಾರಿ ಬಲ್ಲ ಹಿರಿಯರ ಮಾತನ್ನು ಬರೆದಿಟ್ಟುಕೊಳ್ಳುವುದು, ಹೊಸಬರನ್ನು ಜೊತೆಗೆ ಕರೆದುಕೊಂಡು ಹೋಗಿ ಎಲ್ಲರಿಗಿಂತ ಮುಂದೆ ನಿಲ್ಲಿಸುವುದು.