ಕುದುರೆಯ ಬಕೆಟ್ಟಿನಲ್ಲಿ ಏನು ಕಡಿಮೆ?

ಪಶು ಔಷಧಿ ಅಂಗಡಿಯ ಕಪಾಟಿನಲ್ಲಿ ಕುದುರೆಗೆಂದೇ ಒಂದು ಸಾಲು. ಗೊರಸಿಗೊಂದು ಡಬ್ಬಿ, ಕೀಲಿಗೊಂದು, ರೋಮದ ಹೊಳಪಿಗೊಂದು, ರಕ್ತಕ್ಕೊಂದು, ಹೊಟ್ಟೆಗೊಂದು, ಸಿಡುಕುವ ಕುದುರೆಯನ್ನು ಸಮಾಧಾನಪಡಿಸಲು ಇನ್ನೊಂದು. ಒಂದರ ಚೀಟಿ ಓದಿದೆ: ಬಿ1, ಬಿ2, ಬಿ6, ಬಿ12, ನಿಯಾಸಿನ್, ಬಯೋಟಿನ್, ಸತು, ತಾಮ್ರ, ಲೈಸೀನ್, ಯೀಸ್ಟ್. ಪಕ್ಕದ ಡಬ್ಬಿಯಲ್ಲೂ ಹೆಚ್ಚುಕಡಿಮೆ ಅವೇ, ಪ್ರಮಾಣ ಮಾತ್ರ ಬೇರೆ. ಕೊಳ್ಳುವವರು ಯಾವ ಲೆಕ್ಕದ ಮೇಲೆ ಆರಿಸುತ್ತಾರೆ ಎಂದು ಅಂಗಡಿಯವರನ್ನು ಕೇಳಿದೆ. "ಪಕ್ಕದ ಲಾಯದವರು ಯಾವ್ದು ಹಾಕ್ತಾರೋ ಅದನ್ನೇ ಕೇಳ್ತಾರೆ ಸಾರ್" ಎಂದರು. ಪಕ್ಕದ ಲಾಯದ ಕುದುರೆ ಏನು ತಿನ್ನುತ್ತದೆ, ಎಷ್ಟು ಓಡುತ್ತದೆ, ಅದಕ್ಕೆ ಎಷ್ಟು ವಯಸ್ಸು ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ.

*

ಪಶುವೈದ್ಯರೊಬ್ಬರ ಬಳಿ ಕುಳಿತು ಬರೆದುಕೊಂಡದ್ದು: ಆರೋಗ್ಯವಾಗಿರುವ ಕುದುರೆ ಸಿ ಜೀವಸತ್ವವನ್ನು ತನ್ನ ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತದೆ. ಬಿ ಗುಂಪಿನವನ್ನು ದೊಡ್ಡಕರುಳಿನ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಒಡೆಯುವಾಗ ಮಾಡಿಕೊಡುತ್ತವೆ. ಬಿಸಿಲಲ್ಲಿ ನಿಂತರೆ ಡಿ ಸಿಗುತ್ತದೆ. ಹಸಿರು ಹುಲ್ಲಿನಿಂದ ಎ ಮತ್ತು ಇ. ಹುಲ್ಲು ಒಣಗಿದಾಗ ಇ ಜೀವಸತ್ವ ಬಹುಪಾಲು ಹೋಗಿಬಿಡುತ್ತದೆ. ಹಾಗಾಗಿ ವರ್ಷವಿಡೀ ಒಣಹುಲ್ಲಿನ ಮೇಲಿರುವ ರೇಸ್ ಕುದುರೆಗೆ ಅದನ್ನು ಹೊರಗಿನಿಂದ ಕೊಡುವುದರಲ್ಲಿ ಅರ್ಥವಿದೆ.

ಈ ಪಟ್ಟಿಯನ್ನು ಕಪಾಟಿನ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಗೊಂದಲ ಇನ್ನೂ ಹೆಚ್ಚುತ್ತದೆ. ಕುದುರೆ ತಾನೇ ಮಾಡಿಕೊಳ್ಳುವ ಜೀವಸತ್ವಗಳೇ ಡಬ್ಬಿಗಳಲ್ಲಿ ಹೆಚ್ಚು. ಹಾಗಾದರೆ ಅದಕ್ಕೆ ನಿಜವಾಗಿ ಕಡಿಮೆ ಬೀಳುವುದು ಯಾವುದು?

*

ಮೈಸೂರಿನ ಟಾಂಗಾ ಕುದುರೆಯೊಂದರ ಬಕೆಟ್ಟು. ಬಗ್ಗಿ ನೋಡಿದೆ. ನೀರಿನಲ್ಲಿ ಕಲಸಿದ ಗೋಧಿ ಬೂಸಾ, ಅದರ ಮೇಲೆ ಬೇಯಿಸಿದ ಹುರುಳಿ, ಇನ್ನೂ ಹಬೆ ಆಡುತ್ತಿದೆ. ಒಂದು ಅಂಚಿನಲ್ಲಿ ಬೆಲ್ಲದ ಉಂಡೆ ಕರಗಿ ಕಂದು ಗೆರೆಯಾಗಿ ಹರಿದಿದೆ. ನೆಲದ ಮೇಲೆ ನೇಪಿಯರ್ ಹುಲ್ಲಿನ ಕಟ್ಟು.

"ದಿನಕ್ಕೆ ಎಷ್ಟು ಬೂಸಾ ಭಾಯ್?"

"ಎರಡು ಕೆಜಿ ಸಾರ್, ಕೆಲಸ ಜಾಸ್ತಿ ಇದ್ರೆ ಇನ್ನೊಂದು ಅರ್ಧ. ತಾಕತ್ತಿಗೆ ಟಾನಿಕ್ ಹಾಕ್ತೀನಿ."

"ಉಪ್ಪು?"

"ಒಂದು ಚಿಟಿಕೆ."

ಆ ಮನುಷ್ಯನ ಕಾಳಜಿಯಲ್ಲಿ ಕೊರತೆ ಹುಡುಕಲಾಗದು. ಹುರುಳಿಯನ್ನು ಬೇಯಿಸಿಯೇ ಹಾಕುತ್ತಾರೆ, ಅದು ಸರಿಯಾದ ಕ್ರಮ. ಹಸಿ ಹುರುಳಿಯಲ್ಲಿ ಪ್ರೋಟೀನು ಅರಗದಂತೆ ತಡೆಯುವ ಅಂಶಗಳಿವೆ, ಬೇಯಿಸಿದರೆ ಅವು ಹೋಗುತ್ತವೆ. ನನಗೆ ಅರ್ಥವಾಗದೆ ಉಳಿದದ್ದು ಬೂಸಾ.

ಲೆಕ್ಕ ಹಾಕಿದೆ. ಗೋಧಿ ಬೂಸಾದಲ್ಲಿ ರಂಜಕ ಶೇ. 1ಕ್ಕಿಂತ ತುಸು ಹೆಚ್ಚು, ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಅದರ ಸುಮಾರು ಹತ್ತನೇ ಒಂದು ಭಾಗ. ಎರಡು ಕೆಜಿ ಬೂಸಾ ಎಂದರೆ 20 ಗ್ರಾಂ ದಾಟಿದ ರಂಜಕ, ಮೂರು ಗ್ರಾಂ ಕೂಡ ಇಲ್ಲದ ಕ್ಯಾಲ್ಸಿಯಂ. ಕುದುರೆಗೆ ಬೇಕಾದದ್ದು ಇದರ ತಿರುವುಮುರುವು: ಕ್ಯಾಲ್ಸಿಯಂ ಎಂದೂ ರಂಜಕಕ್ಕಿಂತ ಕಡಿಮೆಯಾಗಬಾರದು, ಅದರ ಒಂದೂವರೆ, ಎರಡು ಪಟ್ಟು ಇದ್ದರೆ ಒಳ್ಳೆಯದು. ರಂಜಕ ಹೀಗೆ ಮೇಲುಗೈಯಾದರೆ ದೇಹ ಎಲುಬಿನಿಂದಲೇ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಕೊಡುತ್ತದೆ. ಇವತ್ತು ಒಂದು ಕಾಲು, ನಾಳೆ ಇನ್ನೊಂದು ಕಾಲು ಎಂಬಂತೆ ಕುಂಟು. ಆಮೇಲೆ ದವಡೆ ಊದುತ್ತದೆ, ಮುಖದ ಮೂಳೆ ಮೆತ್ತಗಾಗಿ ಉಬ್ಬುತ್ತದೆ, ಹಲ್ಲು ಸಡಿಲವಾಗುತ್ತದೆ. ಇಂಗ್ಲೆಂಡಿನಲ್ಲಿ ಹಿಂದೆ ಹಿಟ್ಟಿನ ಗಿರಣಿಯವರ ಕುದುರೆಗಳಿಗೆ ಇದು ಹೆಚ್ಚಾಗಿ ಬರುತ್ತಿತ್ತು, ಗಿರಣಿಯಲ್ಲಿ ಬೂಸಾ ಹೇರಳವಾಗಿ ಸಿಗುತ್ತಿದ್ದುದರಿಂದ.

*

ನೇಪಿಯರ್ ಹುಲ್ಲಿನ ಬಗ್ಗೆ ಪ್ರತ್ಯೇಕವಾಗಿ ಬರೆದಿಡಬೇಕು. ಹಸುವಿಗೆ ಹೇಳಿ ಮಾಡಿಸಿದ ಹುಲ್ಲು; ನಮ್ಮ ಹಾಲಿನ ಊರುಗಳೆಲ್ಲ ಅದರ ಮೇಲೇ ನಿಂತಿವೆ. ಆದರೆ ಉಷ್ಣವಲಯದ ಇಂಥ ಹಲವು ಹುಲ್ಲುಗಳಲ್ಲಿ ಆಕ್ಸಲೇಟ್ ಎಂಬ ಲವಣವಿದೆ, ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡುಬಿಡುತ್ತದೆ. ಹಸುವಿನ ಮೊದಲ ಹೊಟ್ಟೆಯಲ್ಲೇ ಸೂಕ್ಷ್ಮಜೀವಿಗಳು ಅದನ್ನು ಒಡೆದು ಕ್ಯಾಲ್ಸಿಯಂ ಬಿಡಿಸಿಕೊಡುತ್ತವೆ. ಕುದುರೆಯ ಸೂಕ್ಷ್ಮಜೀವಿಗಳಿರುವುದು ದೊಡ್ಡಕರುಳಿನಲ್ಲಿ. ಕ್ಯಾಲ್ಸಿಯಂ ಹೀರಿಕೆಯಾಗುವುದು ಅದಕ್ಕೂ ಮೊದಲು, ಸಣ್ಣಕರುಳಿನಲ್ಲಿ. ಬಿಡಿಸಿಕೊಡುವವರು ಬರುವ ಹೊತ್ತಿಗೆ ಹೀರುವ ಜಾಗ ದಾಟಿ ಹೋಗಿರುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 1970ರ ದಶಕದಲ್ಲಿ, ಬೂಸಾ ಮುಟ್ಟದೆ ಬರೀ ಇಂಥ ಹುಲ್ಲುಗಾವಲಿನಲ್ಲಿ ಮೇದ ಕುದುರೆಗಳಿಗೂ ಅದೇ ಮುಖದ ಊತ ಬಂದದ್ದು ದಾಖಲಾಗಿದೆ.

ಬೂಸಾ ಮತ್ತು ನೇಪಿಯರ್ ಎರಡೂ ಒಟ್ಟಿಗೆ ಇರುವ ಬಕೆಟ್ಟಿಗೆ ಬಿ12 ಹಾಕಿದರೆ ಏನು ಬದಲಾದೀತು? ಅದಕ್ಕೆ ಬೇಕಿರುವುದು ಕುದುರೆ ಮಸಾಲೆ ಸೊಪ್ಪು. ರೈತರು ಲೂಸರ್ನ್ ಎಂದೂ ಕರೆಯುವ ಈ ಸೊಪ್ಪಿನಲ್ಲಿ ಕ್ಯಾಲ್ಸಿಯಂ ರಂಜಕದ ಐದಾರು ಪಟ್ಟಿದೆ. ಸೊಪ್ಪು ಸಿಗದಿದ್ದರೆ ಆಹಾರಕ್ಕೆಂದೇ ನುಣ್ಣಗೆ ಪುಡಿ ಮಾಡಿದ ಸುಣ್ಣಕಲ್ಲು. 50 ಗ್ರಾಂ ಪುಡಿಯಲ್ಲಿ ಸುಮಾರು 19 ಗ್ರಾಂ ಕ್ಯಾಲ್ಸಿಯಂ. ಇದು ಎರಡು ಕೆಜಿ ಬೂಸಾದ ರಂಜಕವನ್ನು ಸರಿದೂಗಿಸಲಷ್ಟೇ ಸಾಕು, ನೇಪಿಯರ್‌ನ ಲೆಕ್ಕ ಬೇರೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಕೂಡದು, ಬಾಯಿ, ಕರುಳು ಸುಡುತ್ತದೆ. ಇನ್ನೂ ಒಳ್ಳೆಯದು, ಬೂಸಾವನ್ನೇ ಇಳಿಸುವುದು.

*

ಬೀದರಿಗೆ ಬಂದಿದ್ದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್. 15ನೇ ಶತಮಾನದಲ್ಲಿ, ಬಹಮನಿಗಳ ಕಾಲದಲ್ಲಿ, ಮಾರುವುದಕ್ಕೆಂದು ಒಂದು ಗಂಡು ಕುದುರೆಯನ್ನು ಸಮುದ್ರ ದಾಟಿಸಿ ತಂದವನು. ಇಲ್ಲಿ ಕುದುರೆಗೆ ಏನು ತಿನ್ನಿಸುತ್ತಾರೆಂದು ಬರೆದಿಟ್ಟಿದ್ದಾನೆ: ಕಾಳು, ಜೊತೆಗೆ ಸಕ್ಕರೆ, ಎಣ್ಣೆ ಹಾಕಿ ಬೇಯಿಸಿದ ಕಿಚಡಿ. ಅವನಿಗಿಂತ ಸುಮಾರು ಇನ್ನೂರು ವರ್ಷ ಮೊದಲು ಮಾರ್ಕೊ ಪೋಲೊ ದಕ್ಷಿಣದ ಪಾಂಡ್ಯರ ನಾಡಿನಲ್ಲಿ ಕುದುರೆಗೆ ಮಾಂಸದ ಜೊತೆ ಬೇಯಿಸಿದ ಅನ್ನ ಹಾಕುವುದನ್ನು ಹೇಳುತ್ತಾನೆ; ಕಡಲಾಚೆಯಿಂದ ಬಂದ ಕುದುರೆಗಳು ಬಹಳ ಕಾಲ ಬದುಕುತ್ತಿರಲಿಲ್ಲ ಎಂದೂ ಹೇಳುತ್ತಾನೆ.

ಎಷ್ಟು ಬೆಲೆ ತೆತ್ತು ತಂದ ಪ್ರಾಣಿಗಳು ಅವು! ಮನುಷ್ಯ ತನಗೆ ಯಾವುದು ಪುಷ್ಟಿ ಎಂದು ಕಾಣುತ್ತದೋ ಅದನ್ನೇ ಪ್ರೀತಿಯಿಂದ ಅವಕ್ಕೂ ಕೊಟ್ಟ. ನಿಕಿತಿನ್‌ನ ಪಟ್ಟಿಯಲ್ಲಿ ಎಣ್ಣೆಯನ್ನು ಇವತ್ತಿನ ಪೋಷಣಾ ತಜ್ಞರೂ ಒಪ್ಪುತ್ತಾರೆ. ಕುದುರೆಗೆ ಪಿತ್ತಕೋಶ ಇಲ್ಲದಿದ್ದರೂ ಪಿತ್ತರಸ ಸದಾ ಜಿನುಗುತ್ತಿರುವುದರಿಂದ ಎಣ್ಣೆ ಚೆನ್ನಾಗಿ ಅರಗುತ್ತದೆ, ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಿದರೆ. ಸಕ್ಕರೆ ಮಾತ್ರ ಬೇಡವಾಗಿತ್ತು.

*

ಉಪ್ಪು. 500 ಕೆಜಿ ತೂಕದ ಕುದುರೆಗೆ, ಕೆಲಸವಿಲ್ಲದ ದಿನವೂ, 10 ಗ್ರಾಂ ಸೋಡಿಯಂ ಬೇಕು, ಅಂದರೆ ಸುಮಾರು 25 ಗ್ರಾಂ ಅಡುಗೆ ಉಪ್ಪು. ಕುದುರೆಯ ಬೆವರು ಅದರ ರಕ್ತಕ್ಕಿಂತಲೂ ಉಪ್ಪು. ಏಪ್ರಿಲ್ ಬಿಸಿಲಿನಲ್ಲಿ ಗಾಡಿ ಎಳೆದ ಕುದುರೆಯ ಎದೆಪಟ್ಟಿಯ ಕೆಳಗೆ ಬಿಳಿ ಗೆರೆ ಕಟ್ಟಿರುತ್ತದೆ. ಬೆರಳಿನಲ್ಲಿ ಉಜ್ಜಿದರೆ ಪುಡಿಯಾಗಿ ಉದುರುತ್ತದೆ. ಹುಲ್ಲು, ಕಾಳು, ಬೂಸಾ ಯಾವುದರಲ್ಲೂ ಸೋಡಿಯಂ ಸಾಕಷ್ಟಿಲ್ಲ. ಇಷ್ಟು ಸ್ಪಷ್ಟವಾದ ಕೊರತೆಗೆ ಮದ್ದು ದಿನಸಿ ಅಂಗಡಿಯಲ್ಲೇ ಇದೆ, ಡಬ್ಬಿಗಳಿಗಿಂತ ಎಷ್ಟೋ ಅಗ್ಗ. ಆದರೂ ಬಕೆಟ್ಟಿಗೆ ಬೀಳುವುದು ಒಂದು ಚಿಟಿಕೆ. ಯಾಕಿರಬಹುದು? ಅಗ್ಗದ ವಸ್ತುವಿನಿಂದ ಬಲ ಬರುತ್ತದೆ ಎಂದು ಮನಸ್ಸು ಒಪ್ಪುವುದಿಲ್ಲವೇನೋ. ಉಪ್ಪಿನ ಗಡ್ಡೆಯೊಂದನ್ನು ಲಾಯದಲ್ಲಿ ಕಟ್ಟಿ, ಪಕ್ಕದಲ್ಲಿ ಸದಾ ನೀರಿಟ್ಟರೆ ಅರ್ಧ ಕೆಲಸ ಮುಗಿಯಿತು.

*

ಗೊರಸಿನ ಡಬ್ಬಿಯ ವಿಷಯದಲ್ಲಿ ನನ್ನ ಅನುಮಾನ ಸ್ವಲ್ಪ ಕರಗಿದೆ. ಬಯೋಟಿನ್‌ಗೆ ಆಧಾರವಿದೆ. ಲಿಪಿಟ್ಸಾನರ್ ತಳಿಯ ಕುದುರೆಗಳಿಗೆ ದಿನಕ್ಕೆ 20 ಮಿಲಿಗ್ರಾಂ ಕೊಟ್ಟು ನೋಡಿದ ಅಧ್ಯಯನ 1995ರಲ್ಲಿ ಪ್ರಕಟವಾಯಿತು; ಬಿರುಕು ಬಿಡುತ್ತಿದ್ದ ಗೊರಸುಗಳು ಸುಧಾರಿಸಿದವು, ಆದರೆ ಅದು ಕಾಣಿಸಿಕೊಂಡದ್ದು ಸುಮಾರು ಒಂಬತ್ತು ತಿಂಗಳ ಮೇಲೆ. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಕಡಿಮೆ ಬೆಳೆಯುತ್ತದೆ, ಮೇಲಿನ ಹೊಸ ಕೊಂಬು ನೆಲ ಮುಟ್ಟಲು ವರ್ಷದ ಹತ್ತಿರ ಬೇಕು. ಒಂದು ತಿಂಗಳು ಹಾಕಿ ಗುಣ ಕಾಣಲಿಲ್ಲವೆಂದು ಡಬ್ಬಿ ಬದಲಿಸುವವರು ದುಡ್ಡನ್ನು ನೀರಿಗೆ ಹಾಕಿದಂತೆ. ಲಾಳ ಕಟ್ಟುವವರು ಸರಿಯಾದ ಹೊತ್ತಿಗೆ ಬಾರದಿದ್ದರೆ ಬಯೋಟಿನ್ ಒಂದೇ ಏನೂ ಮಾಡಲಾರದು.

ಕೀಲಿನ ಪುಡಿಗಳ ಮಾತು ಬೇರೆ. ಗ್ಲುಕೋಸಮೈನ್ ತಿನ್ನಿಸಿದರೆ ಕುದುರೆಯ ಕೀಲುನೋವು ಇಳಿಯುತ್ತದೆ ಎಂಬುದಕ್ಕೆ ಸಾಕ್ಷಿ ತೀರಾ ದುರ್ಬಲ. ಆ ಹಣದಲ್ಲಿ ಕುದುರೆ ಮಸಾಲೆ ಸೊಪ್ಪು ತರಬಹುದು.

*

ಕುದುರೆ ಸಾಕಿದವರು ಮರೆಯಬಾರದ ಒಂದು ಘಟನೆ. 2009ರ ಏಪ್ರಿಲ್, ಫ್ಲೋರಿಡಾದ ವೆಲ್ಲಿಂಗ್ಟನ್, ಅಮೆರಿಕದ ಓಪನ್ ಪೋಲೊ ಪಂದ್ಯಾವಳಿ. ಲೆಚೂಸಾ ಕರಾಕಸ್ ತಂಡದ 21 ಪೋಲೊ ಕುದುರೆಗಳು ಆಟಕ್ಕೆ ಇಳಿಯುವ ಮೊದಲೇ ತತ್ತರಿಸಿ ಬಿದ್ದು ಸತ್ತವು. ದಣಿವು ನೀಗಲೆಂದು ಚುಚ್ಚಿದ ಜೀವಸತ್ವ, ಖನಿಜಗಳ ಮಿಶ್ರಣದಲ್ಲಿ ಸೆಲೆನಿಯಂ ಪ್ರಮಾಣ ಮಿತಿಮೀರಿತ್ತು.

500 ಕೆಜಿ ಕುದುರೆಗೆ ದಿನಕ್ಕೆ ಬೇಕಾದ ಸೆಲೆನಿಯಂ ಒಂದು ಮಿಲಿಗ್ರಾಂ. ಬೇಕಾದದ್ದಕ್ಕೂ ಕೊಲ್ಲುವುದಕ್ಕೂ ನಡುವಿನ ಅಂತರ ಕಿರಿದು. ಗೊರಸಿನ ಡಬ್ಬಿ, ರಕ್ತದ ಡಬ್ಬಿ, ಸ್ನಾಯುವಿನ ಡಬ್ಬಿ ಮೂರನ್ನೂ ಒಟ್ಟಿಗೆ ಹಾಕುವವರು ಮೂರೂ ಚೀಟಿಗಳ ಸೆಲೆನಿಯಂ ಕೂಡಿಸಿ ನೋಡುತ್ತಾರೆಯೇ? ಮಣ್ಣಿನ ಲೆಕ್ಕವೂ ಇದೆ. ಪಂಜಾಬಿನ ಹೋಶಿಯಾರ್‌ಪುರ, ನವಾನ್‌ಶಹರ ಭಾಗದ ಕೆಲವು ಹೊಲಗಳಲ್ಲಿ ಸೆಲೆನಿಯಂ ಎಷ್ಟು ಹೆಚ್ಚೆಂದರೆ ಅಲ್ಲಿನ ಮೇವು ತಿಂದ ದನಗಳ ಗೊರಸೇ ಕೆಟ್ಟಿವೆ. ಒಂದು ಊರಿನ ಕೊರತೆ ತುಂಬುವ ಡಬ್ಬಿ ಇನ್ನೊಂದು ಊರಿನಲ್ಲಿ ವಿಷವಾಗಬಹುದು.

ಆಸ್ಟ್ರೇಲಿಯಾದಲ್ಲಿ ಹೆಸರಾದ ರೇಸ್ ಕುದುರೆ ಫಾರ್ ಲ್ಯಾಪ್ 1932ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸತ್ತಿತು. 2008ರಲ್ಲಿ ಅದರ ಕೂದಲನ್ನು ಪರೀಕ್ಷಿಸಿದವರಿಗೆ, ಸಾವಿಗೆ ಸ್ವಲ್ಪ ಮೊದಲು ಹೊಟ್ಟೆ ಸೇರಿದ ಆರ್ಸೆನಿಕ್ಕಿನ ಗುರುತು ಸಿಕ್ಕಿತು. ಕೊಟ್ಟವರು ಯಾರೆಂಬ ಜಗಳ ಮುಗಿದಿಲ್ಲ. ಆ ಕಾಲದ ಟಾನಿಕ್‌ಗಳಲ್ಲಿ ಆರ್ಸೆನಿಕ್, ಸ್ಟ್ರಿಕ್ನಿನ್ ಎಂಬ ವಿಷಗಳೆರಡೂ ಸಾಮಾನ್ಯವಾಗಿದ್ದವು ಎಂಬುದರಲ್ಲಿ ಮಾತ್ರ ಜಗಳವಿಲ್ಲ. ಇತ್ತೀಚಿನದು: ಬ್ರಿಟನ್ ರಾಣಿ ಎರಡನೇ ಎಲಿಜಬೆತ್ ಅವರ ಎಸ್ಟಿಮೇಟ್ ಎಂಬ ಕುದುರೆ 2014ರ ಆಸ್ಕಟ್ ಗೋಲ್ಡ್ ಕಪ್‌ನಲ್ಲಿ ಎರಡನೆಯದಾಗಿ ಬಂದು, ಮಾರ್ಫಿನ್ ಪತ್ತೆಯಾಗಿ ಆ ಸ್ಥಾನ ಕಳೆದುಕೊಂಡಿತು. ಮೇವಿಗೆ ಗಸಗಸೆ ಗಿಡದ ಅಂಶ ಬೆರೆತಿತ್ತು. ರೇಸಿನ ಲಾಯಗಳಲ್ಲಿ ಹೊಸ ಡಬ್ಬಿ ತೆರೆಯುವವರಿಗೆ ಈ ಭಯ ಇರಲೇಬೇಕು.

*

ಪೋನಿಗಳ ಕಷ್ಟವೇ ಬೇರೆ. ಅವಕ್ಕೆ ಕಡಿಮೆ ಬೀಳುವುದಕ್ಕಿಂತ ಹೆಚ್ಚಾಗುವುದೇ ಹೆಚ್ಚು. ಸವಾರಿ ಕಲಿಸುವ ಜಾಗಕ್ಕೆ ಬರುವ ಮಕ್ಕಳೆಲ್ಲ ಬೆಲ್ಲ, ಬಿಸ್ಕತ್ತು ತಂದು ತಿನ್ನಿಸುತ್ತಾರೆ. ಪೋನಿಯ ದೇಹ ಕಡಿಮೆ ಮೇವಿನಲ್ಲಿ ಬದುಕಲು ಹದಗೊಂಡದ್ದು, ಸಕ್ಕರೆ ಏರಿದರೆ ಇನ್ಸುಲಿನ್ ಹದ ತಪ್ಪಿ ಗೊರಸಿನೊಳಗಿನ ಪದರ ಉರಿಯತೊಡಗುತ್ತದೆ. ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಮ್ಮಡಿಗೆ ಹಾಕಿ ನಿಂತ ಪೋನಿಯನ್ನು ಒಮ್ಮೆ ನೋಡಿದವರು ಮತ್ತೆ ಬೆಲ್ಲ ಕೊಡಲಾರರು. ಹಲವು ಪುಡಿಗಳನ್ನು ರುಚಿಗೆಂದು ಕಾಕಂಬಿಯಲ್ಲಿ ಕಲಸಿರುತ್ತಾರೆ. ಪೋನಿಗೆ ಕೊಳ್ಳುವವರು ಮೊದಲು ಅದನ್ನೇ ನೋಡಬೇಕು.

ಕೈಯಿಂದಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಅಮೆರಿಕದ ಸಂಶೋಧಕ ಹೆನೆಕೆ 1983ರಲ್ಲಿ ರೂಪಿಸಿದ, 1ರಿಂದ 9ರವರೆಗಿನ ಮೈಕಟ್ಟಿನ ಅಂಕ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಬೆರಳಿಗೆ ಸಲೀಸಾಗಿ ಸಿಗಬೇಕು, ಅದು 5. ಪಕ್ಕೆಲುಬು ಬೆರಳಿಗೂ ಸಿಗದ ಪೋನಿಗೆ ಶಕ್ತಿಯ ಟಾನಿಕ್ ಏಕೆ?

*

ಬಡಕಲಾದ ಕುದುರೆಯ ಲದ್ದಿಯನ್ನು ಒಡೆದು ನೋಡಿ ಎಂದರು ಅದೇ ವೈದ್ಯರು. ಇಡೀ ಇಡೀ ಕಾಳು, ಉದ್ದುದ್ದ ಹುಲ್ಲಿನ ನಾರು ಇದ್ದರೆ ದೋಷ ಹಲ್ಲಿನಲ್ಲಿದೆ. ಅಂಚು ಚೂಪಾಗಿ ಅಗಿಯಲಾಗುತ್ತಿಲ್ಲ, ಅರದಿಂದ ಉಜ್ಜಿಸಬೇಕು. ಹುಳುವಿನ ಪರೀಕ್ಷೆಯೂ ಆಗಬೇಕು. ಇವೆರಡನ್ನೂ ಬಿಟ್ಟು ಹಸಿವಿನ ಟಾನಿಕ್ ಹಾಕಿದರೆ ಹುಳುಗಳಿಗೇ ಲಾಭ.

ತೂಕದ ತಕ್ಕಡಿಯೊಂದು ಲಾಯದಲ್ಲಿರಲಿ. ಕುದುರೆಗೆ ದಿನಕ್ಕೆ ತನ್ನ ತೂಕದ ಶೇ. 1.5ರಷ್ಟಾದರೂ ಒಣ ಲೆಕ್ಕದ ಮೇವು ಬೇಕು. 300 ಕೆಜಿಯ ಟಾಂಗಾ ಕುದುರೆಗೆ ನಾಲ್ಕೂವರೆ ಕೆಜಿ. 20 ಕೆಜಿ ಹಸಿ ನೇಪಿಯರ್ ಹೊರೆ ದೊಡ್ಡದಾಗಿ ಕಾಣುತ್ತದೆ, ಅದರಲ್ಲಿ ಒಣ ಅಂಶ ನಾಲ್ಕು ಕೆಜಿ ಆಸುಪಾಸು. ಮಿಕ್ಕದ್ದು ನೀರು. ಮೊದಲು ಹುಲ್ಲು, ಆಮೇಲೆ ಉಪ್ಪು, ಕ್ಯಾಲ್ಸಿಯಂ, ಆಮೇಲೆ ವೈದ್ಯರು ರಕ್ತ ನೋಡಿ ಹೇಳಿದ ಒಂದು ಡಬ್ಬಿ. ನನ್ನ ಗೊಂದಲದಲ್ಲಿ ಇಷ್ಟು ಮಾತ್ರ ತಿಳಿಯಾಗಿದೆ.

*

ಕೊನೆಗೆ, ಹಸು, ಕೋಳಿ, ಕುದುರೆ ಮೂರನ್ನೂ ಒಂದೇ ಅಂಗಳದಲ್ಲಿ ಸಾಕುವವರಿಗೆ. ಕೋಳಿಯ ಆಹಾರದಲ್ಲೂ ದನದ ಕೆಲವು ಮಿಶ್ರಣಗಳಲ್ಲೂ ಮೊನೆನ್ಸಿನ್ ಎಂಬ ಔಷಧ ಬೆರೆಸುವುದುಂಟು. ಕೋಳಿ ತಾಳಿಕೊಳ್ಳುವ ಪ್ರಮಾಣದ ಸಣ್ಣ ಪಾಲು, ಕುದುರೆಯ ತೂಕದ ಪ್ರತಿ ಕೆಜಿಗೆ ಎರಡು ಮೂರು ಮಿಲಿಗ್ರಾಂ, ಅದರ ಹೃದಯದ ಸ್ನಾಯುವನ್ನು ಕೆಡಿಸಿ ಕೊಲ್ಲಬಲ್ಲದು. ಇದಕ್ಕೆ ಪ್ರತಿವಿಷವಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ದನದ ಖನಿಜ ಮಿಶ್ರಣ ಕುದುರೆಗೆ ಹಾಕುವ ಮೊದಲು ಚೀಲದ ಮೇಲಿನ ಚೀಟಿಯನ್ನು ಪೂರ್ತಿ ಓದಿ, ಅರ್ಥವಾಗದಿದ್ದರೆ ಪಶುವೈದ್ಯರಿಗೆ ತೋರಿಸಿ. ಕೋಳಿ ಆಹಾರದ ಚೀಲವನ್ನು ಕುದುರೆಗೆ ಎಟುಕದ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿ ಇಡಿ.