ಕೆಂಚನ 28 ದಿನ

ನಮ್ಮನೆ ಜಗಲಿಗೆ ರೆಡ್ ಆಕ್ಸೈಡ್ ಹಾಕಿದೆ. ಅದರ ಮೇಲೆ ರಕ್ತ ಬಿದ್ದರೆ ಕಾಣೋದಿಲ್ಲ. ಹಾಗಾಗಿ ಕೆಂಚನ ಮೂಗಿಂದ ರಕ್ತ ಬರ್ತಿದೆ ಅನ್ನೋದು ನಮಗೆ ಗೊತ್ತಾಗಿದ್ದು ಅಮ್ಮ ನೆಲ ಒರೆಸಿದ ಬಟ್ಟೆ ಹಿಂಡುವಾಗ. ಅದಕ್ಕೂ ಮೂರು ದಿನ ಮುಂಚೆಯೇ ಅವನು ಊಟ ಬಿಟ್ಟಿದ್ದ. ನಾವು, "ಯಾರ ಮನೆ ಮದುವೆ ಊಟ ಮುಗಿಸಿ ಬಂದಿದ್ದಾನೋ" ಅಂತ ನಗಾಡಿದ್ವಿ.

ನಾವು ಅಂದ್ರೆ ಅಕ್ಕ-ತಮ್ಮ. ಒಬ್ಬಳು ನಿಮ್ಮ ಜೊತೆ ಇಲ್ಲೇ ಐದನೇ ಸೆಮಿಸ್ಟರ್ ಇ.ಸಿ., ಪರೀಕ್ಷೆಗೆ ಓದೋ ರಜೆಗೆ ಊರಿಗೆ ಹೋಗಿದ್ದವಳು. ಇನ್ನೊಬ್ಬ ಸೆಕೆಂಡ್ ಪಿಯುಸಿ. ಊರು ತಿಪಟೂರಿನ ಹತ್ತಿರ, ಸುತ್ತ ತೆಂಗಿನ ತೋಟ. ಕೆಂಚ ನಾಟಿ ನಾಯಿ, 7 ವರ್ಷ, ಮಲಗೋದು ಹಿತ್ತಲಿನ ಮಟ್ಟೆ ರಾಶಿ ಮೇಲೆ. ಹೊಸ್ತಿಲು ದಾಟಿದ್ದು ಇಲ್ಲವೇ ಇಲ್ಲ. ಅಜ್ಜಿ ಬಿಡಬೇಕಲ್ಲ!

ಡಾಕ್ಟರು ಜ್ವರ ನೋಡಿದರು, 104.6. ನಾಯಿಗೆ 101-102 ಮಾಮೂಲಿಯಂತೆ, ಆದ್ರೆ ಇದು ಜಾಸ್ತಿ. ಕಿವಿ ಮಡಿಸಿ ತೋರಿಸಿದರು. ಒಳಗೆ ಉಣ್ಣೆಗಳು ಹುಣಸೆ ಬೀಜ ಅಂಟಿಸಿದ ಹಾಗೆ. ಒಂದು ತಿಂಗಳಿಂದ ನಾವು ಅವನ್ನು ನೋಡಿದ್ವಿ, ಬೀದಿಯಲ್ಲಿ ಓಡಾಡೋ ನಾಯಿಗೆ ಉಣ್ಣೆ ಇರದೇ ಇನ್ನೇನು ಅಂತ ಸುಮ್ಮನಿದ್ವಿ. ಎರ್ಲಿಕಿಯಾ ಅನ್ನೋ ಬ್ಯಾಕ್ಟೀರಿಯಾ ಅದೇ ಉಣ್ಣೆ ಕಚ್ಚಿದಾಗ ಒಳಗೆ ಹೋಗಿ ಬಿಳಿ ರಕ್ತಕಣದಲ್ಲೇ ಮನೆ ಮಾಡುತ್ತೆ. ಪ್ಲೇಟ್‌ಲೆಟ್ ಇಳಿಯುತ್ತಾ ಹೋಗುತ್ತೆ. ಆರೋಗ್ಯವಾಗಿರೋ ನಾಯಿಗೆ ಸುಮಾರು 2 ಲಕ್ಷದಿಂದ 5 ಲಕ್ಷ ಇರಬೇಕು, ಕೆಂಚನಿಗೆ 31 ಸಾವಿರ ಇತ್ತು. ದಿನಕ್ಕೆ ಎರಡು ಹೊತ್ತು ಡಾಕ್ಸಿಸೈಕ್ಲಿನ್, 28 ದಿನ. ಓಡಬಾರದು, ಹಾರಬಾರದು, ಎಲ್ಲೂ ತಾಗಿಸಿಕೊಳ್ಳಬಾರದು. ಅಂದರೆ ಮನೆಯೊಳಗೇ ಇರಬೇಕು.

ಅಜ್ಜಿ ಏನೂ ಹೇಳಲಿಲ್ಲ. ದೇವರ ಮನೆ ಬಾಗಿಲು ಎಳೆದುಕೊಂಡರು, ಅಷ್ಟೇ. ನಡುಮನೆಯ ಕಿಟಕಿ ಕೆಳಗೆ ಗೋಣಿಚೀಲ, ಅದರ ಮೇಲೆ ಅಪ್ಪನ ಹಳೇ ಪಂಚೆ.

ಆಮೇಲೆ ಶುರುವಾಗಿದ್ದು ಒಂಥರಾ ವಿಚಿತ್ರ ದಿನಚರಿ. ಬೆಳಿಗ್ಗೆ ಆರಕ್ಕೆ ಎದ್ದು ಮೊದಲು ಅವನ ತುಟಿ ಎತ್ತಿ ಒಸಡಿನ ಮೇಲೆ ಬೆರಳೊತ್ತೋದು. ಒತ್ತಿದ ಜಾಗ ಬೆಳ್ಳಗಾಗಿ, ಬಿಟ್ಟ ಮೇಲೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣಕ್ಕೆ ಬರಬೇಕು. ಇದಕ್ಕೆ ಒಬ್ಬರು ಬೆರಳು, ಇನ್ನೊಬ್ಬರು ಮೊಬೈಲ್ ಸ್ಟಾಪ್‌ವಾಚ್. ನಮ್ಮ ಲ್ಯಾಬ್ ರೆಕಾರ್ಡ್ ಕೂಡ ನಾವು ಅಷ್ಟು ಪ್ರಾಮಾಣಿಕವಾಗಿ ಬರೆದಿಲ್ಲ ಬಿಡಿ. ಆಮೇಲೆ ಉಣ್ಣೆ ಹುಡುಕೋದು: ಕಿವಿ, ಬೆರಳಸಂದಿ, ಕತ್ತಿನ ಕೆಳಗೆ. ಚಿಮಟದಲ್ಲಿ ಬುಡಕ್ಕೇ ಹಿಡಿದು ನೇರ ಎಳೆದು ಸೋಪು ನೀರಿನ ಬಾಟಲಿಗೆ ಹಾಕೋದು. ಕೈಯಲ್ಲಿ ಹಿಸುಕಬಾರದು. ಅಜ್ಜಿಯ ಸೀಮೆಎಣ್ಣೆ ಔಷಧಿಗೂ ಡಾಕ್ಟರು ಬೇಡ ಅಂದಿದ್ದರು, ನೆಕ್ಕಿಬಿಡ್ತಾನೆ ಅಂತ. ಉಣ್ಣೆ ಗೋಡೆ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತಂತೆ. ಜಗಲಿ ಗೋಡೆಯ ಬಿರುಕುಗಳಿಗೆಲ್ಲ ಅಪ್ಪ ಸಿಮೆಂಟ್ ಮೆತ್ತಿದರು.

ಮೊಟ್ಟೆ ಅಂದಾಗ ಇನ್ನೊಂದು ನೆನಪಾಯ್ತು. ಶಕ್ತಿ ಬರಲಿ, ಬೇಯಿಸಿದ ಕೋಳಿಮೊಟ್ಟೆ ಕೊಡಿ ಅಂತ ಡಾಕ್ಟರು ಹೇಳಿದ್ದರು. ನಮ್ಮನೆಗೆ ಮೊಟ್ಟೆ ಬರೋದಿಲ್ಲ. ಅಮ್ಮ ಹಿತ್ತಲಲ್ಲಿ ಸ್ನಾನದ ನೀರು ಕಾಯಿಸೋ ಒಲೆ ಮೇಲೆ ಹಳೇ ಡಬ್ಬದಲ್ಲಿ ಬೇಯಿಸೋರು. ಅಜ್ಜಿ ಆ ಹೊತ್ತಿಗೆ ಸರಿಯಾಗಿ ಮುಂಬಾಗಿಲಲ್ಲಿ ಕೂತು ಬತ್ತಿ ಹೊಸೀತಿದ್ದರು. ಆದರೆ ಹನ್ನೊಂದಾದರೂ ಒಲೆ ಕಡೆ ಸದ್ದಿಲ್ಲ ಅಂದ್ರೆ, "ಏನಮ್ಮಾ, ಅವನದು ಆಯ್ತೇನು?" ಅಂತ ಕೇಳೋರು ಅವರೇ.

ಆರನೇ ದಿನ ಮತ್ತೆ ರಕ್ತಪರೀಕ್ಷೆ ಮಾಡಿಸಿದ್ವಿ. 34 ಸಾವಿರ. ಮೂರೇ ಸಾವಿರ ಏರಿದ್ದು. ಡಾಕ್ಟರು, "ಮಾತ್ರೆ ಹೇಗೆ ಕೊಡ್ತಿದ್ದೀರಿ?" ಅಂದರು. ಮೊಸರನ್ನದ ಉಂಡೆಯಲ್ಲಿ ಇಟ್ಟು, ಅಂತ ನಾವು ಹೆಮ್ಮೆಯಿಂದಲೇ ಹೇಳಿದ್ವಿ. ಕಹಿ ಮಾತ್ರೆ ಅವನಿಗೆ ತಿನ್ನಿಸಿದ್ದೇ ದೊಡ್ಡ ಸಾಹಸ ಅಂದುಕೊಂಡಿದ್ದು ನಾವು. ಅವರು ಪೆನ್ನು ಕೆಳಗಿಟ್ಟರು. ಹಾಲು-ಮೊಸರಿನ ಕ್ಯಾಲ್ಸಿಯಂ ಈ ಔಷಧಕ್ಕೆ ಅಂಟಿಕೊಂಡು ಅದು ರಕ್ತಕ್ಕೆ ಸೇರೋದನ್ನ ಕಮ್ಮಿ ಮಾಡುತ್ತೆ. ಖಾಲಿ ಹೊಟ್ಟೆಗೂ ಕೊಡಬಾರದು, ಮೊಸರಲ್ಲೂ ಕೊಡಬಾರದು. ಅದರಿಂದಲೇ ಕೌಂಟ್ ಏರಿಲ್ಲ ಅಂತ ಅವರು ಹೇಳಲಿಲ್ಲ. ಹೇಳದಿದ್ದರೂ ನಮಗೆ ಹಾಗೇ ಅನ್ನಿಸಿತು. ಫೋನಲ್ಲಿ ಒಂದು ಸಲ ಹುಡುಕಿದ್ದರೆ ಸಿಗೋ ವಿಷಯ. ಹಾಳುಮೂಳೆಲ್ಲಾ ಹುಡುಕ್ತೀವಿ, ಇದನ್ನ ಹುಡುಕಿರಲಿಲ್ಲ.

ಹೀಗೇ ಇದ್ದರೆ ಬೆಂಗಳೂರಿಗೆ ಕರ್ಕೊಂಡು ಹೋಗಿ ಬೇರೆ ನಾಯಿಯ ರಕ್ತ ಕೊಡಿಸಬೇಕಾಗಬಹುದು ಅಂದರು. ಅಪ್ಪ "ನೋಡೋಣ" ಅಂದರು. ನಮ್ಮನೇಲಿ "ನೋಡೋಣ" ಅಂದ್ರೆ ಸಾಮಾನ್ಯವಾಗಿ ಇಲ್ಲ ಅಂತ. ವಾಪಸ್ ಬರುವಾಗ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ, ಕೆಂಚನ ತಲೆ ನಮ್ಮ ತೊಡೆ ಮೇಲಿತ್ತು, ಬಿಸಿಯಾಗಿ. ಎರಡು ದಿನ ಬಿಟ್ಟು ಅಪ್ಪ ಅಟ್ಟದಿಂದ ಎರಡು ಚೀಲ ಕೊಬ್ಬರಿ ಇಳಿಸಿ ಮಾರಿ ಬಂದರು. ಯಾಕೆ ಈಗಲೇ ಅಂದಿದ್ದಕ್ಕೆ, "ರೇಟು ಚೆನ್ನಾಗಿತ್ತು" ಅಂದರು. ರೇಟು ನಾವೂ ನೋಡಿದ್ವಿ. ಚೆನ್ನಾಗಿರಲಿಲ್ಲ.

ಆ ದುಡ್ಡು ಬೇಕಾಗಲಿಲ್ಲ. ಮಾತ್ರೆ ಈಗ ರಾಗಿಮುದ್ದೆಯ ತುಣುಕಿನೊಳಗೆ ಹೋಗ್ತಿತ್ತು. ಅಗಿಯದೇ ನುಂಗಬೇಕು ಅನ್ನೋ ನಿಯಮ ಅವನಿಗೂ ಒಗ್ಗಿತು. ಪರಂಗಿ ಎಲೆ ರಸ ಕೊಡಿ ಅಂತ ಊರೆಲ್ಲ ಹೇಳಿದರು, ನಾವು ಮಾತ್ರೆಯ ಟೈಮ್ ತಪ್ಪಿಸಲಿಲ್ಲ, ಅಷ್ಟೇ. ಮಧ್ಯಾಹ್ನ ಅಮ್ಮ ಮಲಗಿದ ಮೇಲೆ ಅವನ ಪಕ್ಕ ಗೋಡೆಗೊರಗಿ ಓದ್ತಿದ್ವಿ, ಒಬ್ಬರು ಫೂರಿಯರ್, ಒಬ್ಬರು ಬೆಂಜೀನ್. ಹಾಳೆ ತಿರುಗಿಸಿದರೆ ಕಿವಿ ಅಲ್ಲಾಡಿಸ್ತಿದ್ದ. ಮೊದಲಾದರೆ ದಾರಿಯಲ್ಲಿ ಹೋಗೋ ಪ್ರತಿ ಬೈಕಿಗೂ ಬೊಗಳೋನು. ಬೊಗಳೋದು ನಿಂತ ಮೇಲೆ ಮನೇಲಿ ಗೋಡೆ ಗಡಿಯಾರ ಸದ್ದು ಮಾಡುತ್ತೆ ಅಂತ ಗೊತ್ತಾಯಿತು.

15ನೇ ದಿನ 1 ಲಕ್ಷ 20 ಸಾವಿರ. 28ನೇ ದಿನ 2 ಲಕ್ಷ 10 ಸಾವಿರ. ಇನ್ನು ತಿಂಗಳಿಗೊಂದು ಉಣ್ಣೆ ಮಾತ್ರೆ ಕೊಟ್ಟುಕೊಂಡು ಹೋದರೆ ಸಾಕು ಅಂದರು ಡಾಕ್ಟರು.

ಅವತ್ತು ರಾತ್ರಿ ಒಂಬತ್ತಕ್ಕೆ ಕೆಂಚ ಗೋಣಿಚೀಲದಿಂದ ಎದ್ದು ಹಿತ್ತಿಲ ಬಾಗಿಲ ಹತ್ರ ನಿಂತ. ಉಗುರಿನಿಂದ ಕೆರೆದ. ನಾವು "ಬೇಡ, ಬಾ" ಅಂದ್ವಿ. ಬರಲಿಲ್ಲ. ಹೊರಗೆ ತೋಟದ ಕಡೆ ಯಾವುದೋ ನಾಯಿ ಊಳಿಡ್ತಿತ್ತು. ಚಳಿ ಇತ್ತು, ಅಲ್ಲಿ ಉಣ್ಣೆ ಇರ್ತವೆ, ಇನ್ನೂ ಸ್ವಲ್ಪ ದಿನ ಒಳಗೇ ಇರಲಿ ಅಂತ ನಾವು ವಾದ ಮಾಡ್ತಿದ್ವಿ, ಯಾರ ಜೊತೆ ಅಂತ ಗೊತ್ತಿಲ್ಲ. ಅಜ್ಜಿ ಎದ್ದು ಬಂದು ಅಗುಳಿ ತೆಗೆದರು. ಹಿಂದೆ ತಿರುಗಿಯೂ ನೋಡದೆ ಹೋದ.

ಬೆಳಿಗ್ಗೆ ಆರಕ್ಕೆ ಟಾರ್ಚ್ ಹಿಡ್ಕೊಂಡು ಮಟ್ಟೆ ರಾಶಿ ಹತ್ರ ಹೋದ್ವಿ. ತುಟಿ ಎತ್ತಿ ಒಸಡು ಒತ್ತಿದ್ವಿ, ಎರಡು ಸೆಕೆಂಡಿಗೂ ಮುಂಚೆ ಗುಲಾಬಿ. ನಿದ್ದೆ ಕೆಟ್ಟಿದ್ದಕ್ಕೆ ಕೆಂಚ ಗುರ್ರ್ ಅಂದ.