ನಕ್ಷೆಯಲ್ಲಿಲ್ಲದ ದೇಶದ ಕಥೆಗಾರ

ಕಾಲೇಜಿನಲ್ಲಿದ್ದಾಗ ‘ಕ್ವೋ ವಾಡಿಸ್’ ಓದಿ, ಬರೆದವನು ಇಟಲಿಯವನೇ ಇರಬೇಕು ಅಂದುಕೊಂಡಿದ್ದೆ. ನೀರೋ, ಹೊತ್ತಿ ಉರಿಯುವ ರೋಮ್, ಸಿಂಹಗಳ ಬಾಯಿಗೆ ಬೀಳುವ ಕ್ರೈಸ್ತರು... ಇನ್ನೇನು ಅಂದುಕೊಳ್ಳಲಿ ಹೇಳಿ?

ಆಮೇಲೆ ಗೊತ್ತಾಯಿತು, ಹೆನ್ರಿಕ್ ಶೆಂಕೆವಿಚ್ ಪೋಲೆಂಡಿನವನು. 1846ರಲ್ಲಿ ಆತ ಹುಟ್ಟಿದಾಗ ಆ ದೇಶ ನಕ್ಷೆಯಲ್ಲೇ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಹಂಚಿಕೊಂಡಿದ್ದವು. ರೋಮಿನಲ್ಲಿ ಒತ್ತೆಯಾಳಾದ ನಾಯಕಿ ಲಿಗಿಯಾಳ ಬುಡಕಟ್ಟು ಇಂದಿನ ಪೋಲೆಂಡಿನ ನೆಲದ್ದಂತೆ! ಮತ್ತೆ ಓದಿದೆ. ಕಾಡುಕೋಣಕ್ಕೆ ಕಟ್ಟಿದ್ದ ಅವಳನ್ನು ಅವಳದೇ ಕುಲದ ಉರ್ಸುಸ್ ಬರಿಗೈಯಲ್ಲಿ ಬಿಡಿಸುವಾಗ, ಈ ಸಲ ಕಣ್ಣು ಒದ್ದೆಯಾಯಿತು.

1905ರಲ್ಲಿ ನೊಬೆಲ್ ಬಂತು. 1916ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡ. ಎರಡೇ ವರ್ಷಕ್ಕೆ ಪೋಲೆಂಡ್ ಸ್ವತಂತ್ರವಾಯಿತು. 1924ರಲ್ಲಿ ಪಾರ್ಥಿವ ಶರೀರ ವಾರ್ಸಾ ತಲುಪಿತು.

ಕಾಯುತ್ತಿದ್ದ ದೇಶಕ್ಕೆ ಆತ ಬಂದದ್ದು ಹಾಗೆ. ಆದರೂ ಅಷ್ಟು ದಿನ ಅದನ್ನು ಪುಸ್ತಕದಲ್ಲಿ ಬದುಕಿಸಿಟ್ಟಿದ್ದವನು ಅವನೇ ಅಲ್ಲವೇ?